ಸದ್ದು ನಿಂತ ಮೂರು ಪೈಪುಗಳು

"ಕಳ್ಳ!"

ಕೂಗಿದ್ದೂ ಹೊಡೆದದ್ದೂ ಒಟ್ಟಿಗೇ ಆಯಿತು. ಅವಳ ಕೈಗೆ ಸಿಕ್ಕ ಮರದ ಸ್ಟೂಲು ಅವನ ಹಣೆಗೆ ಬಡಿಯಿತು. ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಹುಬ್ಬಿನಿಂದ ರಕ್ತ ಇಳಿಯುತ್ತಿದ್ದರೂ ಎದೆಗೆ ಅವಚಿಕೊಂಡಿದ್ದ ಆರ್ಗನ್ ಪೈಪುಗಳನ್ನು ಮಾತ್ರ ಬಿಡಲಿಲ್ಲ.

"ರಿಪೇರಿಯವನು, ಮೇಡಂ... ನಿಮ್ಮಣ್ಣನೇ ಕರೆಸಿದ್ದು. ಇನ್ನೊಂದು ಏಟು ಕೊಡೋದಾದ್ರೆ ಇವನ್ನ ಕೆಳಗಿಟ್ಟುಬಿಡ್ತೀನಿ. ಬಗ್ಗಿದ್ರೆ ಸ್ವರ ಕೆಡುತ್ತೆ."

ಅಯ್ಯೋ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ.

ಅಪ್ಪ ಬಿಟ್ಟುಹೋದ ಸಂಗೀತ ಸಭಾಂಗಣ ಅದು. ಬೀಗದ ಕೈ, ಯಜಮಾನಿಕೆ ಅಣ್ಣನದು. ಒಂದೊಂದು ಕೀಗೂ ಒಂದೊಂದು ಪೈಪು ಸ್ವರ ಕೊಡುವ, ಗೋಡೆಯೆತ್ತರದ ಆರ್ಗನ್ ವಾದ್ಯ ಅವಳದು. ಅದರ ಪೈಪುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಯಾರ ಮೇಲಾದರೂ ಎರಗಲು ಅವಳು ಕಾದೇ ಇದ್ದಳು. ಸಿಕ್ಕಿದವನು ಈ ಬಡಪಾಯಿ.

ಮರುದಿನದಿಂದ ಶ್ರುತಿ ಕೂಡಿಸುವ ಕೆಲಸ. ಅವನು ಗೋಡೆಯ ಹಿಂದೆ, ಪೈಪುಗಳ ಕೋಣೆಯಲ್ಲಿ. ಅವಳು ಹೊರಗೆ, ಅವನು ಹೇಳಿದ ಕೀ ಒತ್ತಿ ಹಿಡಿದು. ಮುಖ ಕಾಣದು, ದನಿಯಷ್ಟೇ. ಆದರೂ ದಿನವೂ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು, ಹುಚ್ಚಿ!

"ನಾನು ಜೋರಾಗಿ ನುಡಿಸುವಾಗ ಒಳಗೆ ನಿಮಗೆ ಭಯ ಆಗಲ್ವಾ?"

"ಆಗುತ್ತೆ. ಇಲ್ಲಿ ನನ್ನ ಯಾರಾದ್ರೂ ಕೊಚ್ಚಿ ಹಾಕಿದ್ರೂ ಹೊರಗೆ ಕೇಳಿಸಲ್ಲ. ಹಾಗೇನಾದ್ರೂ ಆದ್ರೆ ಪೈಪ್ ಕಿತ್ತಿಡ್ತೀನಿ. ನಿಮ್ಮ ಸ್ವರ ನಿಲ್ಲುತ್ತೆ. ಆಗ ಬನ್ನಿ."

"ಬರ್ತೀನಿ, ಸ್ಟೂಲ್ ತಗೊಂಡು!"

ಇಬ್ಬರೂ ನಕ್ಕರು. ಆ ನಗು ಅಣ್ಣನ ಕಿವಿಗೂ ಬಿತ್ತು.

ಅವಳ ಆರ್ಗನ್ ಕಾರ್ಯಕ್ರಮದ ಹಿಂದಿನ ದಿನ ಅಣ್ಣ ರಿಪೇರಿಯವನ ಕೊರಳಪಟ್ಟಿ ಹಿಡಿದು ದರದರನೆ ಎಳೆದು ತಂದ. ಅವನ ಚೀಲವನ್ನು ಅವಳ ಕಾಲ ಬಳಿ ಸುರಿದ. ಸುತ್ತಿಗೆ, ಇಕ್ಕಳಗಳ ನಡುವೆ ಬಡಿದು ಚಪ್ಪಟೆ ಮಾಡಿದ ಎರಡು ಪೈಪು!

"ನೋಡು ನಿನ್ನ ರಿಪೇರಿಯವನ ಯೋಗ್ಯತೆ! ಗುಜರಿಗೆ ಹಾಕ್ತಿದ್ದಾನೆ!" ಎನ್ನುತ್ತಲೇ ಅವನ ಹೊಟ್ಟೆಗೆ ಒದ್ದ.

"ನಾನಲ್ಲ..." ಅವನು ಅವಳನ್ನೇ ನೋಡಿದ.

ಅವಳು ಅವನ ಕೆನ್ನೆಗೆ ಛಟೀರನೆ ಬಾರಿಸಿದಳು. "ಇನ್ನೊಂದ್ಸಲ ಮುಖ ತೋರಿಸಬೇಡ!"

ಆಮೇಲೆ ಅಂಗೈ ಉರಿಯುತ್ತಲೇ ಇತ್ತು. 'ತಲೆ ಒಡೆದರೂ ಪೈಪ್ ಬಗ್ಗದ ಹಾಗೆ ಹಿಡಿದಿದ್ದವನು ಅದನ್ನ ಚಪ್ಪಟೆ ಮಾಡ್ತಾನಾ?' ಎಂಬ ಬುದ್ಧಿ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಮರುದಿನ ಸಭಾಂಗಣ ತುಂಬಿತ್ತು. ಅಬ್ಬರದ ಮೊದಲ ಭಾಗ ಮುಗಿಸಿ, ಅವನೇ ಶ್ರುತಿ ಕೂಡಿಸಿದ್ದ ಮೆಲುದನಿಯ ಸಾಲಿಗೆ ಬಂದಳು. ಒತ್ತಿದ ಕೀ ಮೂಕವಾಗಿತ್ತು. ಧೂಳಿರಬೇಕು... ಪಕ್ಕದ್ದೂ ಮೂಕ. ಅದರ ಪಕ್ಕದ್ದೂ!

ಕೆಟ್ಟರೆ ಒಂದು ಕೆಡಬಹುದು. ಸಾಲಾಗಿ ಮೂರು? ಯಾರೋ ಕೀಳುತ್ತಿದ್ದಾರೆ!

'ಆಗ ಬನ್ನಿ.'

ಪಕ್ಕದ ಸ್ಟೂಲನ್ನು ಎತ್ತಿಕೊಂಡು ಪೈಪುಗಳ ಕೋಣೆಗೆ ಓಡಿದಳು. ಜನ ಗಾಬರಿಯಿಂದ ಎದ್ದು ನಿಂತರು.

ಒಳಗೆ ಅವನು ನೆಲಕ್ಕೆ ಬಿದ್ದಿದ್ದ. ಅಣ್ಣ ಕಬ್ಬಿಣದ ಸರಳಿನಿಂದ ಅವನ ಬೆನ್ನಿಗೆ, ತೋಳಿಗೆ ಬಾರಿಸುತ್ತಿದ್ದ. ಪಕ್ಕದಲ್ಲಿ ಪೈಪು ತುಂಬಿದ ಗೋಣಿಚೀಲ. ಅವನ ಒಂದು ಕೈ ಮುರಿದು ಜೋತುಬಿದ್ದಿತ್ತು. ರಕ್ತ ಮೆತ್ತಿದ ಇನ್ನೊಂದು ಕೈ ನಾಲ್ಕನೆಯ ಪೈಪಿಗಾಗಿ ತಡಕಾಡುತ್ತಿತ್ತು.

ಸರಳು ಅವನ ತಲೆಯತ್ತ ಎದ್ದಿತು. ಅವಳು ಸ್ಟೂಲು ಬೀಸಿದಳು. ಅಣ್ಣನ ಮಣಿಕಟ್ಟು ಲಟಕ್ಕೆಂದಿತು.

"ನನ್ನ ಮೇಲೇ ಕೈ ಮಾಡ್ತೀಯಾ?"

"ಅಣ್ಣ ಅಂತಲೇ ಕೈಗೆ ಹೊಡೆದೆ. ಇಲ್ದಿದ್ರೆ ತಲೆಗೇ ಹೊಡೀತಿದ್ದೆ! ನಿನ್ನ ಕಳ್ಳತನ ಹೊರಿಸೋಕೇ ಇವರನ್ನ ಕರೆಸಿದ್ಯಾ?"

ಅಣ್ಣ ಗೋಣಿಚೀಲ ದಾಟಿ ಬಾಗಿಲತ್ತ ನುಗ್ಗಿದ. ಹಿಂದೆಯೇ ಬಂದ ಕಾವಲುಗಾರರು ಅವನನ್ನು ಹಿಡಿದುಕೊಂಡರು.

ಅವಳು ರಿಪೇರಿಯವನ ತಲೆಯನ್ನು ಮಡಿಲಿಗೆಳೆದುಕೊಂಡು ಬಿಕ್ಕಿದಳು. "ಯಾಕ್ರೀ ಬಂದ್ರಿ? ನಾನು ಹೊಡೆದು ಕಳಿಸಿದ್ದೆನಲ್ಲ... ನಿಮಗೇನಾದ್ರೂ ಆಗಿದ್ರೆ ನಾನು ಹೇಗೆ ಬದುಕ್ತಿದ್ದೆ?"

"ಆರ್ಗನ್ ಸದ್ದಿನ ಮರೇಲೇ ಕಳ್ಳ ಬರ್ತಾನೆ ಅಂತ ಅಡಗಿ ಕೂತಿದ್ದೆ. ಮುಖ ತೋರಿಸೋ ಆಸೆ ಇತ್ತು, ಧೈರ್ಯ ಇರಲಿಲ್ಲ." ಒಡೆದ ತುಟಿಯಲ್ಲೇ ನಕ್ಕ. "ನಾನು ಕೂಗಿದ್ದು ಕೇಳಿಸ್ತಾ, ಮೇಡಂ?"

"ಇಲ್ಲ... ಏನೂ ಕೇಳಿಸಲಿಲ್ಲ."

ಅವನ ಹಣೆಯ ಹಳೆಯ ಗಾಯಕ್ಕೆ ಮೆಲ್ಲನೆ ಮುತ್ತಿಟ್ಟಳು.

"ಅದಕ್ಕೇ ಓಡಿ ಬಂದೆ."