ಯಾಮ್ನಾ ಹೇಳಿದ ಹೆಸರು

"ಹೆಸರು?" ಎಂದು ಯಾಮ್ನಾ ತಲೆ ಎತ್ತದೆ ಕೇಳಿದಳು.

ಬೆಳಿಗ್ಗೆಯಿಂದ ಇಪ್ಪತ್ತಾರು ಜನರಿಗೆ ಅದನ್ನೇ ಕೇಳಿದ್ದಳು. ಸಹಕಾರ ಸಂಘದ ಒಂದೇ ಕೋಣೆಯ ಕಚೇರಿಯಲ್ಲಿ ಅಂದು ಲೈಸೆನ್ಸಿನ ಅರ್ಜಿ ತುಂಬುವ ದಿನ. ಕೆತಾಮಾದ ಬೆಟ್ಟಗಳಲ್ಲಿ ಅಜ್ಜಂದಿರ ಕಾಲದಿಂದ ಕದ್ದು ಬೆಳೆಯುತ್ತಿದ್ದ ಕೀಫ್ ಎಂಬ ಗಾಂಜಾ ಗಿಡವನ್ನು ಈಗ ಅರ್ಜಿ ಕೊಟ್ಟು ಬೆಳೆಯಬಹುದಿತ್ತು. ಔಷಧಿ ಕಂಪನಿಯ ಲಾರಿ ಊರಿಗೇ ಬಂದು ಒಯ್ಯುತ್ತಿತ್ತು.

"ನನ್ನ ಹೆಸರು ನಿನ್ನ ಬಾಯಿಗೆ ಹೊಸದಾ?"

ಪೆನ್ನು ನಿಂತಿತು. ಆ ದನಿಯನ್ನು ಅವಳು ಹತ್ತು ವರ್ಷಗಳಿಂದ ಕೇಳಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಶುಐಬ್. ಮೂವತ್ತೈದಕ್ಕೇ ಗಡ್ಡ ಅರ್ಧ ನರೆತಿತ್ತು. ಕಣ್ಣು ಮಾತ್ರ ಅದೇ. ಮೊದಲು ನೋಡಿ, ಆಮೇಲೆ ನಗುವ ಕಣ್ಣು.

ಇವನಿಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡಳು.

"ಕೂತ್ಕೊಳ್ಳಿ," ಎಂದಳು. "ಗುರುತಿನ ಚೀಟಿ ಕೊಡಿ."

"ಕೊಡಿ ಅಂತೆ! ಕಾಡಲ್ಲಿ ಒಂಬತ್ತು ವರ್ಷ ಇದ್ದು ಬಂದಿದ್ದಕ್ಕೆ ಬಡ್ತಿ ಸಿಕ್ತಾ ನನಗೆ?"

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಯಾಮ್ನಾ ನಗಲಿಲ್ಲ. ಅವನ ಹೆಸರನ್ನು ಬರೆದಳು. ಅಕ್ಷರ ಸೊಟ್ಟಗಾಯಿತು.

ಆಗಿದ್ದು ಹೀಗೆ. ಶುಐಬ್ ಅವಳ ಅಪ್ಪನ ಜಮೀನಿನಲ್ಲಿ ಪಾಲಿಗೆ ಬೆಳೆಯುತ್ತಿದ್ದ ಹುಡುಗ. ಅವಳಿಗೆ ಇಪ್ಪತ್ತೊಂದು, ಅವನಿಗೆ ಇಪ್ಪತ್ತೈದು. ಕೊಯ್ಲು ಮುಗಿದ ಮೇಲೆ ನಿಕಾಹ್ ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಕೊಯ್ಲಿಗೆ ಎಂಟು ದಿನ ಇರುವಾಗ ಪೊಲೀಸರು ಬಂದರು. ಅಪ್ಪನಿಗೆ ಶ್ವಾಸಕೋಶದ ಕಾಯಿಲೆ, ನಾಲ್ಕು ಹೆಜ್ಜೆ ನಡೆದರೆ ಕೆಮ್ಮಿನಲ್ಲಿ ರಕ್ತ. ತಾಯಿ ಇಲ್ಲದ ಮನೆ, ಇಬ್ಬರು ಚಿಕ್ಕ ತಂಗಿಯರು. ವಯಸ್ಸಾದ ಒಬ್ಬ ಪೊಲೀಸ್ ಅಡುಗೆಮನೆಯಲ್ಲಿ ಕುಳಿತು ಮೆತ್ತಗೆ ಕೇಳಿದ: "ಬೆಳೆ ಯಾರದು ಮಗಳೇ? ಒಂದು ಹೆಸರು ಹೇಳು, ಸಾಕು. ನಿಮ್ಮಪ್ಪನನ್ನ ಬಿಟ್ಟು ಹೋಗ್ತೀವಿ."

ಅವಳು ಹೇಳಿದಳು.

ನಾಯಿಗಳು ಬೊಗಳಿದ್ದು ಕೇಳಿ ಶುಐಬ್ ಹೊಲದಿಂದಲೇ ಮೇಲಿನ ದೇವದಾರು ಕಾಡಿಗೆ ಓಡಿದ್ದ. ಅಂದಿನಿಂದ ಅವನ ಮೇಲೆ ವಾರಂಟ್. ಪಟ್ಟಣಕ್ಕೆ ಇಳಿದರೆ ಜೈಲು. ಗುರುತಿನ ಚೀಟಿ ಇಲ್ಲ, ಡಾಕ್ಟರಿಲ್ಲ, ನಿಕಾಹ್ ಬರೆಸುವ ಹಾಗಿಲ್ಲ. ಕುರಿಗಾಹಿಗಳ ಗುಡಿಸಲುಗಳಲ್ಲಿ, ಹಿಮದಲ್ಲಿ, ಒಂಬತ್ತು ಚಳಿಗಾಲ. ಕಳೆದ ಆಗಸ್ಟಿನಲ್ಲಿ ಬೆಳೆಗಾರರಿಗೆಲ್ಲ ಕ್ಷಮಾದಾನ ಬಂದಾಗ ಇಳಿದು ಬಂದು, ಚಳಿಗಾಲವನ್ನು ತೆತ್ವಾನ್ ಪಟ್ಟಣದ ಅಕ್ಕನ ಮನೆಯಲ್ಲಿ ಕಳೆದು, ಈಗ ಊರಿಗೆ ಮರಳಿದ್ದ.

ಹೆಸರು ಹೇಳಿದ್ದು ಯಾರು ಎಂದು ಊರು ತಾನೇ ತೀರ್ಮಾನಿಸಿಕೊಂಡಿತ್ತು. ಪಕ್ಕದ ಹೊಲದ ಬೂಝೀದ್. ಅಂದು ಅವನ ಹೊಲವನ್ನು ಪೊಲೀಸರು ಮುಟ್ಟಿರಲಿಲ್ಲ, ಊರಿಗೆ ಅಷ್ಟು ಸಾಕಾಯಿತು.

*

ಜೂನ್ ಕೊನೆಯಲ್ಲಿ ಗಂಡು ಗಿಡ ಕೀಳುವ ಕೆಲಸ. ಆ ಕೆಲಸಕ್ಕೆ ಯಾಮ್ನಾಳ ಕಣ್ಣೇ ಕಣ್ಣು. ಉಳಿದವರಿಗಿಂತ ವಾರ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಸಂಘದವರು ಅವಳನ್ನು ಹೊಲದ ಮೇಲ್ವಿಚಾರಕಿ ಮಾಡಿದ್ದೂ ಅದಕ್ಕೇ. ಎಂಟು ಹೆಂಗಸರು, ಒಬ್ಬ ಶುಐಬ್, ಸಾಲು ಹಿಡಿದು ಬಗ್ಗಿದ್ದರು.

"ಇದು ಗಂಡು. ಕೀಳು."

"ಹೇಗೆ ಹೇಳ್ತೀಯ? ನನಗೇನೂ ಕಾಣ್ತಿಲ್ಲ."

"ಗೆಣ್ಣಿನ ಹತ್ರ ನೋಡು. ಹೆಣ್ಣಾದ್ರೆ ಎರಡು ಬಿಳಿ ಎಳೆ ಹೊರಗೆ ಚಾಚಿರುತ್ತೆ. ಇದಕ್ಕೆ ಗುಂಡಗೆ ಮೊಗ್ಗು."

ಅವನು ಗಿಡ ನೋಡಲಿಲ್ಲ, ಗಿಡ ಹಿಡಿದ ಅವಳ ಕೈ ನೋಡಿದ. "ಪಾಪ, ಇದರ ತಪ್ಪೇನು?"

"ಇದನ್ನ ಬಿಟ್ರೆ ಹೊಲವೆಲ್ಲ ಬೀಜ ಕಟ್ಟುತ್ತೆ. ಕಂಪನಿಯವರು ಮೂಸಿಯೂ ನೋಡಲ್ಲ."

"ನಮ್ಮಪ್ಪನ ಕಾಲದಲ್ಲಿ ಗಂಡುಗಳಿಗೂ ಬದುಕೋಕೆ ಬಿಡ್ತಿದ್ರು ಕಣೇ."

ಹಿಂದಿನ ಸಾಲಿನ ಮುದುಕಿ ಸೊಂಟ ನೆಟ್ಟಗೆ ಮಾಡಿ ಕೂಗಿದಳು: "ಲಲ್ಲಾ ಯಾಮ್ನಾ, ಅಮ್ಮಾವ್ರೇ, ಆ ಗಂಡನ್ನೂ ಕಿತ್ತು ಹಾಕ್ತೀಯೋ, ಇಟ್ಕೋತೀಯೋ?"

ಹೆಂಗಸರೆಲ್ಲ ಗೊಳ್ಳೆಂದರು. ಯಾಮ್ನಾಳ ಕಿವಿ ಕೆಂಪಾಯಿತು. ಶುಐಬ್ ಸುಮ್ಮನೆ ಮುಂದಿನ ಗಿಡಕ್ಕೆ ಸರಿದು, ಯಾರಿಗೂ ಕೇಳದ ಹಾಗೆ ಹೇಳಿದ:

"ಆವತ್ತು ಆಫೀಸಲ್ಲಿ ಯಾಕೆ ಹಾಗೆ ಬೆಚ್ಚಿದೆ? ನೀನು ಮಾಳಿಗೆ ಮೇಲಿಂದ ಕೂಗ್ತಿದ್ದೆಯಲ್ಲ, 'ಶುಐಬ್, ರೊಟ್ಟಿ ಆರಿಹೋಯ್ತು' ಅಂತ. ಕಾಡಲ್ಲಿ ಅದನ್ನೇ ನೆನೆಸ್ಕೊಂಡು ಮಲಗ್ತಿದ್ದೆ. ನನ್ನ ಹೆಸರು ನಿನ್ನ ಬಾಯಿಗೆ ಹೊಸದಾ ಅಂದಿದ್ದು ಅಷ್ಟಕ್ಕೇ."

ಹಾಗಾದರೆ ಅವನಿಗೆ ಗೊತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಬೇಕಿತ್ತು. ಅದು ಇನ್ನಷ್ಟು ಒಳಗೆ ಇಳಿಯಿತು.

"ನಮ್ಮಮ್ಮನನ್ನ ಕೊನೇವರೆಗೂ ನೋಡ್ಕೊಂಡೆ ನೀನು," ಎಂದ ಅವನು. "ಅಕ್ಕ ಎಲ್ಲ ಹೇಳಿದ್ಲು. ಆ ಋಣ ಹೇಗೆ ತೀರಿಸಲಿ ಹೇಳು."

ಅವಳು ಬಗ್ಗಿ ಒಂದು ಗಿಡ ಕಿತ್ತಳು. ಅದು ಹೆಣ್ಣಾಗಿತ್ತು.

*

ಜುಲೈನ ಒಂದು ಶುಕ್ರವಾರ ನಮಾಜಿನ ನಂತರ ಬೂಝೀದ್ ಸಂಘಕ್ಕೆ ಬಂದ. ಈಗ ಮುದುಕ, ಒಂದು ಕಣ್ಣಿಗೆ ಪೊರೆ. ಬಾಗಿಲಲ್ಲೇ ನಿಂತು, ಮುಂದಿನ ವರ್ಷದ ಪಟ್ಟಿಯಲ್ಲಿ ತನ್ನ ಹೊಲವನ್ನೂ ಸೇರಿಸಿ ಎಂದ.

ಶುಐಬ್ ಎದ್ದು ನಿಂತ. "ಇವನು ಸೇರಿದ್ರೆ ನಾನಿರಲ್ಲ."

"ನಾನು ಹೇಳಿಲ್ಲಪ್ಪ," ಎಂದ ಬೂಝೀದ್. "ಹತ್ತು ವರ್ಷದಿಂದ ಹೇಳ್ತಾ ಇದೀನಿ. ನಾನಲ್ಲ."

"ಮತ್ಯಾರು? ಗಾಳಿ ಬಂದು ಹೇಳ್ತಾ?"

ಬೇಡ ಎನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಒಂದು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಯಾಮ್ನಾ ಕೈ ಎತ್ತಲಿಲ್ಲ. ಆದರೆ ನಿರ್ಣಯ ಬರೆಯುವವಳು ಅವಳೇ ಆಗಿದ್ದಳು, ಬರೆದಳು. ಮುದುಕ ಗೋಡೆ ತಡವಿಕೊಂಡು ಮೆಟ್ಟಿಲು ಇಳಿದ. ಅವನ ಮನೆಗೆ ಸಂಬಂಧ ಬೆಳೆಸಲು ಯಾರೂ ಬಾರದೆ ಮಗ ಸಮುದ್ರ ದಾಟಿ ಹೋಗಿದ್ದ, ಕಾಗದವನ್ನೂ ಬರೆಯುತ್ತಿರಲಿಲ್ಲ.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ.

*

ಸೆಪ್ಟೆಂಬರಿನಲ್ಲಿ ಕೊಯ್ಲು. ಹಿಂದಿನವರು ಮಾಳಿಗೆಯ ಬಿಸಿಲಿಗೆ ಹರಡುತ್ತಿದ್ದರು. ಈಗ ಕತ್ತಲು ಕೊಟ್ಟಿಗೆಯಲ್ಲಿ ಟೊಂಗೆಗಳನ್ನು ತಲೆಕೆಳಗಾಗಿ ನೇತುಹಾಕಿ, ನಿಧಾನವಾಗಿ ನೆರಳಲ್ಲೇ ಒಣಗಿಸಬೇಕು. ಕಡ್ಡಿ ಬಗ್ಗದೆ ಪಟ್ಟೆಂದು ಮುರಿದರೆ ಹದ ಬಂತೆಂದು ಲೆಕ್ಕ. ಮಧ್ಯಾಹ್ನ ಯಾಮ್ನಾ ಒಬ್ಬಳೇ ಹದ ನೋಡುತ್ತಿದ್ದಳು. ಬೆರಳುಗಳೆಲ್ಲ ಅಂಟಿನಿಂದ ಕಪ್ಪಾಗಿದ್ದವು.

ಶುಐಬ್ ಆಲಿವ್ ಎಣ್ಣೆಯ ಪುಟ್ಟ ಶೀಸೆ ಹಿಡಿದು ಒಳಗೆ ಬಂದ. "ಕೈ ಕೊಡು. ಸೋಪಿಗೆ ಹೋಗಲ್ಲ ಇದು."

ಅವಳ ಅಂಗೈಗೆ ಎಣ್ಣೆ ಸುರಿದು, ಒಂದೊಂದೇ ಬೆರಳನ್ನು ತಿಕ್ಕತೊಡಗಿದ. ಉಗುರಿನ ಸಂದಿ, ಗೆಣ್ಣಿನ ಗೆರೆ, ಎಲ್ಲೂ ಅವಸರವಿಲ್ಲ. ಅವಳು ಅವನ ಬಾಗಿದ ತಲೆ ನೋಡುತ್ತ ನಿಂತಳು. ಹತ್ತು ವರ್ಷ ಬೇಡಿಕೊಂಡದ್ದು ಇಷ್ಟನ್ನೇ. ಈ ಐದು ನಿಮಿಷವನ್ನು.

"ಲಾರಿ ಹೋದ ಮೇಲೆ ಪಟ್ಟಣಕ್ಕೆ ಹೋಗೋಣ," ಎಂದ ಅವನು, ಕಿರುಬೆರಳಿಗೆ ಬಂದು. "ನಿಕಾಹ್ ಬರೆಸೋಣ. ನನ್ನ ಹತ್ರ ಈಗ ಚೀಟಿ ಇದೆ. ಮುದುಕ ಅಂತ ಬೇಡ ಅಂದುಬಿಡ್ತೀಯಾ?"

ಅವಳು ಕೈ ಎಳೆದುಕೊಂಡಳು.

"ನಿನ್ನ ಹೆಸರು ಹೇಳಿದ್ದು ನಾನು."

"ಏನು?"

"ಪೊಲೀಸರಿಗೆ. ಬೂಝೀದ್ ಅಲ್ಲ. ನಾನು."

ಅವನು ಶೀಸೆಯ ಮುಚ್ಚಳ ತಿರುಗಿಸುತ್ತ ನಿಂತ. ಮುಚ್ಚಳ ಕೂರುತ್ತಿರಲಿಲ್ಲ.

"ಹೊಡೆದ್ರಾ?" ಎಂದು ಕೇಳಿದ.

"ಇಲ್ಲ." ಇಲ್ಲಿ ಸುಳ್ಳು ಹೇಳಬಹುದಿತ್ತು. "ಬೈಯಲೂ ಇಲ್ಲ. ನಾನೇ ಚಹಾ ಕಾಯಿಸಿ ಕೊಟ್ಟೆ. ಅಪ್ಪನ್ನ ಕರ್ಕೊಂಡು ಹೋಗ್ತಾರೆ ಅಂತ ಹೆದರಿ ಹೇಳಿದೆ. ಅಪ್ಪ ಎರಡು ವರ್ಷ ಬದುಕಿದ್ರು. ಅವರು ಹೋದ ಮೇಲಾದ್ರೂ ಹೇಳಬಹುದಿತ್ತು. ಹೇಳಲಿಲ್ಲ."

"ಅಮ್ಮನಿಗೆ ಮಾಡಿದ್ದೆಲ್ಲ ಪ್ರಾಯಶ್ಚಿತ್ತವಾ?"

"ಮೊದಲ ವರ್ಷ ಹೌದು. ಆಮೇಲೆ ನಿಮ್ಮಮ್ಮ ನನ್ನ ಅಮ್ಮನೇ ಆದ್ಲು."

ಶುಐಬ್ ಗೋಡೆಗೆ ಒರಗಿದ. ನೇತಾಡುವ ಟೊಂಗೆಗಳ ನಡುವೆ ಅವನ ಮುಖ ತುಂಡು ತುಂಡಾಗಿ ಕಾಣುತ್ತಿತ್ತು.

"ಅವಳನ್ನ ಮಣ್ಣು ಮಾಡೋದನ್ನ ನಾನು ದಿಬ್ಬದ ಮೇಲಿಂದ ನೋಡಿದೆ. ಸ್ಮಶಾನದ ಹತ್ರ ಪೊಲೀಸ್ ಜೀಪು ನಿಂತಿತ್ತು. ಒಂದು ಹಿಡಿ ಮಣ್ಣು ಹಾಕೋಕಾಗ್ಲಿಲ್ಲ ನನಗೆ." ದನಿ ಏರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. "ಅವತ್ತು ಒಬ್ಬಳು ತಂಗಿಯನ್ನ ಹೊಲಕ್ಕೆ ಓಡಿಸಿ ಕೇಳಿದ್ದಿದ್ರೆ, ನಾನೇ ಬಂದು ಬೆಳೆ ನನ್ನದು ಅಂತ ಹೇಳ್ತಿದ್ದೆ ಕಣೇ. ನಿಮ್ಮಪ್ಪನಿಗೋಸ್ಕರ. ನಗ್ತಾ ಹೇಳ್ತಿದ್ದೆ. ಮೂರು ವರ್ಷ ಜೈಲು, ಮುಗೀತಿತ್ತು. ನಾನಾಗಿ ಕೊಡಬಹುದಾಗಿದ್ದನ್ನ ನೀನು ಕಸಿದು ಕೊಟ್ಟೆ."

ಅವನು ಹೊರಗೆ ನಡೆದ.

*

ಮರುದಿನ ಯಾಮ್ನಾ ಸಂಘದ ಎಲ್ಲರನ್ನೂ ಸೇರಿಸಿ, ಹೆಸರು ಹೇಳಿದ್ದು ತಾನೇ ಎಂದು ನಿಂತು ಹೇಳಿದಳು. ಕೆಲವರು ಬೈದರು. ಗಂಡು ಕೀಳುವಾಗ ಗೇಲಿ ಮಾಡಿದ್ದ ಮುದುಕಿ ಅವಳ ಕಡೆಗೆ ಉಗುಳಿ ಎದ್ದು ಹೋದಳು. ಅಧ್ಯಕ್ಷರು ಮೇಲ್ವಿಚಾರಣೆಯ ಕೆಲಸದಿಂದ ಬಿಡಿಸಿದರು. ನಿರ್ಣಯವನ್ನು ಈ ಸಲ ಬೇರೆಯವರು ಬರೆದರು.

ಅಲ್ಲಿಂದ ನೇರ ಬೂಝೀದ್‌ನ ಮನೆಗೆ ಹೋದಳು. ಅಂಗಳದಲ್ಲಿ ಶುಐಬ್ ಆಗಲೇ ಮುದುಕನಿಗೆ ಸೌದೆ ಸೀಳುತ್ತಿದ್ದ. ಅವಳನ್ನು ನೋಡಿ ಕೊಡಲಿ ನಿಲ್ಲಿಸಿದ, ಮತ್ತೆ ಎತ್ತಿದ.

ಅವಳು ಮುದುಕನ ಕೈಗೆ ಮುತ್ತಿಟ್ಟು ಅತ್ತಳು. ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ, ತಲೆ ಸವರಲೂ ಇಲ್ಲ.

"ಹತ್ತು ವರ್ಷದಿಂದ ಈ ಮನೇಲಿ ಯಾರೂ ಚಹಾ ಕುಡಿದಿಲ್ಲ," ಎಂದ. "ಕ್ಷಮೆ ಗಿಮೆ ಆಮೇಲೆ ನೋಡೋಣ. ಮೊದಲು ಕೂತು ಕುಡೀರಿ ಇಬ್ಬರೂ."

ಚಾಪೆಯ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು. ಚಹಾ ಅತಿ ಸಿಹಿಯಾಗಿತ್ತು. ಲೋಟ ಕೆಳಗಿಡುವಾಗ ಒಮ್ಮೆ ಶುಐಬ್ ಅವಳ ಕಡೆ ನೋಡಿದ. ಆ ನೋಟದಲ್ಲಿ ಕೋಪ ಇತ್ತು. ಕೋಪದ ಹಿಂದೆ ಇನ್ನೇನೋ ಇತ್ತು. ಅದನ್ನು ನೋಡಲು ಅವಳಿಗೇ ಧೈರ್ಯ ಸಾಲಲಿಲ್ಲ.

ಐದನೆಯ ದಿನ ಕಂಪನಿಯ ಲಾರಿ ಬಂತು. ಮೂಟೆಗಳೊಂದಿಗೆ ಶುಐಬನೂ ಹೊರಟಿದ್ದಾನೆ, ಕಂಪನಿಯ ಘಟಕದಲ್ಲಿ ಕೆಲಸ ಹಿಡಿದಿದ್ದಾನೆ ಎಂದು ಊರೆಲ್ಲ ಹೇಳಿತು. ಯಾಮ್ನಾ ಕೊಟ್ಟಿಗೆ ಗುಡಿಸುತ್ತಿದ್ದಳು. ಅವನು ಬಾಗಿಲಿಗೆ ಬಂದು ನಿಂತ, ಹೆಗಲಿಗೆ ಚೀಲ.

"ಹೋಗ್ತಿದೀನಿ."

"ಗೊತ್ತಾಯ್ತು."

"ಇಲ್ಲಿದ್ರೆ ದಿನಾ ಆ ದಿಬ್ಬ ಕಾಣುತ್ತೆ. ನೀನೂ ಕಾಣ್ತೀಯ. ಎರಡನ್ನೂ ಒಟ್ಟಿಗೆ ನೋಡೋಕೆ ಆಗ್ತಿಲ್ಲ ನನಗೆ."

ಅವಳು ಪೊರಕೆಯನ್ನು ಎದೆಗೆ ಒತ್ತಿಕೊಂಡಳು. ಲಾರಿ ಹಾರ್ನ್ ಹೊಡೆಯಿತು. ಅವನು ಕದಲಲಿಲ್ಲ.

"ನನಗೋಸ್ಕರ ಕಾಯಬೇಡ ಅಂತ ಹೇಳೋಕೆ ಬಂದೆ," ಎಂದ. "ದಾರಿಯುದ್ದಕ್ಕೂ ಅದನ್ನೇ ಕಲಿತುಕೊಂಡು ಬಂದೆ. ಈಗ ಬಾಯಿಗೆ ಬರ್ತಿಲ್ಲ."

ಹಾರ್ನ್ ಇನ್ನೊಮ್ಮೆ.

"ಹಾಗಾದ್ರೆ ಹೇಳಬೇಡ," ಎಂದಳು ಯಾಮ್ನಾ. "ಲಾರಿ ಹತ್ತು, ಹೊರಡ್ತಿದೆ."