ಕಣ್ಣಾರೆ ಕಂಡ ಒಂದು ಸಾಲು

"ಬಾಯಾಗ ಇಡಬ್ಯಾಡ್ರಿ!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ಯಾರದೋ ಕೈ ಮೈತ್ರೇಯಿಯ ಮಣಿಕಟ್ಟನ್ನು ಹಿಡಿದಿತ್ತು. ತುದಿ ಚೂಪು ಮಾಡಲೆಂದು ತುಟಿಗೆ ಒಯ್ಯುತ್ತಿದ್ದ ಕುಂಚ ಅಲ್ಲೇ ನಿಂತಿತು. ಮೊಣಕೈ ತಾಗಿ ಬಟ್ಟಲು ಉರುಳಿತು. ಕೆಂಪು ಬಣ್ಣ ಮೂರು ವಾರದ ಕೆಲಸದ ಮೇಲೆಲ್ಲ ಹರಿಯಿತು!

ಶನಿವಾರ ಬಂದರೆ ವಿಲಾಯತಿಯ ಹೇಸ್ ಊರಿನ ಆ ಕಮ್ಯುನಿಟಿ ಹಾಲ್ ಸಾವಿರ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಉತ್ತರದೇಶದ ಕಡಲಯೋಧರಾದ ವೈಕಿಂಗರ ಉಡುಪು ತೊಟ್ಟು, ಗುರಾಣಿ ಹಿಡಿದು, ಅಂದಿನ ಬದುಕನ್ನು ಆಡಿ ತೋರಿಸುವ ಬಳಗ ಅದು. ಯಾರಿಗಾದರೂ ಬಿರುದು ಕೊಟ್ಟರೆ ಅದನ್ನು ಸುರುಳಿಯ ಮೇಲೆ ಕೈಯಿಂದ ಬರೆಯುವವಳು ಮೈತ್ರೇಯಿ. ಈ ಸಲ ಅಂಚಿಗೆಲ್ಲ ಹಾವು ಹೆಣೆದಿದ್ದಳು, ಥೇಟ್ ನಾಗರಕಲ್ಲಿನ ಹಾವಿನಂತೆ! ಅದರ ಮೈಯೊಳಗೆ ಕಡ್ಡಿ ಜೋಡಿಸಿದಂಥ ಉತ್ತರದೇಶದ ಹಳೆಯ ಅಕ್ಷರಗಳು.

"ಕಣ್ಣು ಕಾಣ್ಸೂದಿಲ್ಲೇನ್ರೀ ನಿಮಗ?"

"ಹಂಗಲ್ರೀ... ಆ ಕೆಂಪು ಏನೈತಲ್ಲ..."

ಹೊರಗಿನಿಂದ ಬಳಗದ ಹಿರಿಯರಾದ ಅನ್ನೆಟ್ ಕೂಗಿದರು: "ರುದ್ರೇಶ್, ಸಿಕ್ಕಿತಾ?"

ರುದ್ರೇಶ! ಮೈತ್ರೇಯಿ ತಲೆಯೆತ್ತಿ ಅವನನ್ನು ನೋಡಿದಳು. ಇಷ್ಟು ದಿನ ಹೆಸರಷ್ಟೇ ಕೇಳಿದ್ದ, ಗುರಾಣಿ ರಿಪೇರಿ ಮಾಡುವ ರುದ್ರೇಶ ಇವನೇನಾ? ಈ ಸುರುಳಿ ಇವನಿಗೇ! ಮುಂದಿನ ಶನಿವಾರ ಕೈಗೆ ಬರುವತನಕ ಪಡೆಯುವವನಿಗೆ ಗೊತ್ತಾಗಬಾರದು, ಅದು ಬಳಗದ ಕಟ್ಟಳೆ. ದುಪಟ್ಟಾ ಎಳೆದು ಹಾಳೆಯನ್ನು ಮುಚ್ಚಿದಳು.

"ಹೊರಗ ನಡೀರಿ! ಒಂದ ಮಾತೂ ಬ್ಯಾಡ!"

ಅವನು ಅವಳ ಕೈಯಿಂದ ಕುಂಚ ಬಿಡಿಸಿಕೊಂಡ. ಕೆಂಪಿನ ಸೀಸೆಯನ್ನೂ ಎತ್ತಿಕೊಂಡ. ಬಾಗಿಲಲ್ಲಿ ತಿರುಗಿ ನಿಂತ.

"ಇದಕ್ಕೂ ಮೊದಲ ಬಾಯಾಗ ಇಟ್ಟಿದ್ರೇನ್ರೀ?"

"ಇಲ್ಲ! ಈಗಷ್ಟ ತೆಗದೀನಿ. ನಿಮಗ್ಯಾಕದು?"

ಅವನು ದೀರ್ಘವಾಗಿ ಉಸಿರು ಬಿಟ್ಟ. "ಕೈ ಚಂದಂಗ ತೊಳಕೋರಿ..." ಎಂದು ಹೊರಟೇಹೋದ.

ಕಳ್ಳನೇ? ಹುಚ್ಚನೇ? ಆದರೆ ಆ ದನಿಯಲ್ಲಿ ಭಯವೇಕಿತ್ತು?

ಮನೆಯಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಕೂತಾಗ ಹೊಸ ಹಾಳೆಯ ಮೇಲೆ ಹಾವು ಮತ್ತೆ ಮೂಡಿತು. ಕೊನೆಯ ಸಾಲು ಮಾತ್ರ ಖಾಲಿ. ಬರೆಯುವವರು ಕಣ್ಣಾರೆ ಕಂಡ ಒಂದು ನಿಜ ಅಲ್ಲಿರಬೇಕು. ಮಾಡದ್ದನ್ನು ಹೊಗಳಿದರೆ ಅದು ಅಣಕ ಎಂದೇ ಬಳಗದ ನಂಬಿಕೆ. ಅಜ್ಜ ಬಸವಂತಪ್ಪನೂ ನಸುಕಿನಲ್ಲಿ ರಾಗವಾಗಿ ಕಾವ್ಯ ಓದಿ ಮುಗಿಸಿ ಹೇಳುತ್ತಿದ್ದ: "ಸುಳ್ಳಿಗೆ ರಾಗ ಹತ್ತಂಗಿಲ್ಲ, ಯವ್ವಾ."

ಇವನಲ್ಲಿ ತಾನು ಕಂಡದ್ದೇನು? 'ಬಣ್ಣ ಚೆಲ್ಲಿದ ಮಹಾವೀರ' ಎಂದು ಬರೆಯಲೇ?

ಗುರುವಾರ ಟೂಟಿಂಗ್‌ಗೆ, ಅನ್ನೆಟ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡಳು.

"ಆ ಸೀಸೆ ತೆಗೆದದ್ದು ನೀನಾ? ಎಂತ ಮಾರಾಯ್ತಿ!" ಅನ್ನೆಟ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಅದು ಅಸಲಿ ಇಂಗಳಿಕ, ಪಾದರಸದ ವಿಷ! ಜನರಿಗೆ ತೋರಿಸ್ಲಿಕ್ಕೆ ತಂದದ್ದು, ನನ್ನದೇ ತಪ್ಪು, ಬಣ್ಣದ ಪೆಟ್ಟಿಗೆಗೆ ಸೇರಿಹೋಯ್ತು. ರುದ್ರೇಶ ಏರ್‌ಪೋರ್ಟ್ ಕಾರ್ಗೋದಲ್ಲಿ ಅಪಾಯದ ಸಾಮಾನು ನೋಡುವವ ಅಲ್ವಾ? ಅದರ ಹೆಸರು ಕೇಳಿದ್ದೇ ಹುಡುಕ್ಲಿಕ್ಕೆ ಓಡಿದ."

ಮೈತ್ರೇಯಿ ತುಟಿ ಒರೆಸಿಕೊಂಡಳು. "ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀನು ಅವನಿಗೆ ಬಾಯಿ ತೆರೀಲಿಕ್ಕೆ ಬಿಟ್ಟದ್ದುಂಟಾ? ಈಗ ಶನಿವಾರ ಬರುವುದೇ ಇಲ್ಲ ಅಂತಾನೆ. ಯಾರದೋ ಕೆಲಸ ಕೆಡಿಸಿದ್ದಾನಂತೆ, ಅವರ ಮುಖ ನೋಡ್ಲಿಕ್ಕೆ ಆಗುದಿಲ್ಲವಂತೆ."

ಬರುವುದಿಲ್ಲವೇ? ಹಾಗಾದರೆ ಈಗಷ್ಟೇ ಹೊಳೆದ ಈ ಕೊನೆಯ ಸಾಲನ್ನು ಯಾರ ಎದುರು ಓದಲಿ! ಅನ್ನೆಟ್ ಹತ್ತಿರ ಅವನ ನಂಬರ್ ಕೇಳಿ ನಿಂತಲ್ಲೇ ಫೋನ್ ಮಾಡಿದಳು. ನಿಜ ಹೇಳುವಂತಿಲ್ಲ...

"ನನ್ನ ಕುಂಚ ನಿಮ್ಮ ಹತ್ರ ಐತ್ರಿ. ಶನಿವಾರ ತಂದು ಕೊಡ್ರಿ."

"...ಆತ್ರಿ."

ಶನಿವಾರ ಮಧ್ಯಾಹ್ನ ಅವನು ಬಾಗಿಲ ಬಳಿಯೇ ನಿಂತಿದ್ದ. ಅನ್ನೆಟ್ ಅವನ ಹೆಸರು ಕರೆದಾಗ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದರೆಂಬಂತೆ! ಮೈತ್ರೇಯಿ ಸುರುಳಿ ಬಿಚ್ಚಿದಳು. ಅಜ್ಜನ ಏರಿಳಿತದಲ್ಲೇ ಅವಳ ದನಿ ಹೊರಟಿತು:

"ಬಾಯಿಗೆ ಬಂದ ವಿಷ ತಡೆದವನು, ಬೈದರೂ ಬಾಗಿಲಲ್ಲಿ ನಿಂತು ಬದುಕಿನ ಕ್ಷೇಮ ಕೇಳಿದವನು."

ಚಪ್ಪಾಳೆ ನಿಂತ ಮೇಲೆ ಅವನು ಹತ್ತಿರ ಬಂದ.

"ಅವತ್ತು ನಾ ಕೆಡಿಸಿದ್ದು... ನಂದ ಸುರುಳಿ ಏನ್ರೀ?"

"ಹೂಂನ್ರಿ. ಅದರಾಗ ನಿಮ್ಮ ಹೆಸರಷ್ಟ ಇತ್ತು. ಇದರಾಗ ನೀವಿದ್ದೀರಿ."

ಅವನು ನಾಚಿಕೊಂಡು ಕಾಗದದ ಪೊಟ್ಟಣ ಚಾಚಿದ. ಒಳಗೆ ಹೊಸ ಕುಂಚ.

"ಹಳೇದ್ದು ವಾಪಸ್ ಕೊಡಂಗಿರಲಿಲ್ರಿ. ಆದ್ರ... ಇದನ್ನೂ ಬಾಯಾಗ ಇಡ್ತೀರೇನು?"

"ರೂಢಿ ಬಿಡೂದು ಕಷ್ಟ್ರಿ." ಅವಳ ಕಣ್ಣುಗಳು ಕೆಳಗಿಳಿದವು. "ದಿನಾ ಯಾರರ ಬಾಜೂಕ ಕುಂತು ಕೈ ಹಿಡೀಬೇಕಾಗ್ತದ..."

ಅವನು ಹಿಡಿದ. ಈ ಸಲ ಮೆಲ್ಲಗೆ.

"ದಿನಾ ಬರ್ತೀನ್ರಿ."