ಹೊಳೆಯುತ್ತಿದ್ದ ಪಿನ್

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಲಾರಿ ಯಾರ್ಡಿನ ಮಾಲೀಕ ಹಣೆಗೆ ಬ್ಯಾಂಡೇಜು ಸುತ್ತಿಕೊಂಡು ಠಾಣೆಗೆ ಬಂದ. ಕುರ್ಚಿ ಎಳೆದುಕೊಳ್ಳುವ ಮೊದಲೇ ಬೆಂಕಿ ಕಾರಿದ.

"ಬರ್ಕೊಳ್ಳಿ ಸಾರ್. ಟ್ರೇಲರ್ ಬ್ರೇಕ್ ಕೆಡಿಸಿಟ್ಟಿದ್ದಾನೆ, ನನ್ನ ಡ್ರೈವರೇ!"

"ಯಾರು?"

"ನಿಧಾನಣ್ಣ."

ಇನ್ಸ್‌ಪೆಕ್ಟರರ ಪೆನ್ನು ನಿಂತಿತು. ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಗೂ ಚಕ್ರ ತಾಗಿಸದ ಮನುಷ್ಯ ಅವನು. ಹೊರಡುವ ಮುನ್ನ ಲಾರಿಯನ್ನು ನಾಲ್ಕಡಿ ಉರುಳಿಸಿ, ಟ್ರೇಲರಿನ ಕರೆಂಟ್ ಬ್ರೇಕನ್ನಷ್ಟೇ ಹಿಡಿಸುವ, ಸ್ಟಿಯರಿಂಗ್ ಪಕ್ಕದ ಕಂಟ್ರೋಲರಿನ ಲಿವರ್ ತಳ್ಳಿ, ಟ್ರೇಲರ್ ಹಿಂದಿನಿಂದ ಜಗ್ಗಿದರಷ್ಟೇ ಗೇಟು ದಾಟುತ್ತಿದ್ದ. ಆ ಅಡ್ಡಹೆಸರು ಬಂದದ್ದೂ ಅದರಿಂದಲೇ. ದೂರು ನಿಜವಾದರೆ ಈ ವಯಸ್ಸಿನಲ್ಲಿ ಅವನಿಗೆ ಜೈಲು.

ಈ ದಿನ ಅವನು ಬರುವ ಮೊದಲೇ ಮಾಲೀಕ ಅವಸರಪಟ್ಟು ತಾನೇ ಲಾರಿ ತೆಗೆದಿದ್ದ. ಇಳಿಜಾರಿನಲ್ಲಿ ಟ್ರೇಲರ್ ನಿಲ್ಲದೆ ಲಾರಿಯನ್ನೇ ಮುಂದಕ್ಕೆ ನೂಕಿತ್ತು. ಗೇಟು ಮುರಿದು, ಕಾವಲುಗಾರನ ಕುರ್ಚಿ ಪುಡಿಪುಡಿಯಾಗಿತ್ತು. ಚಹಾ ತರಲು ಹೋಗಿದ್ದ ಕಾವಲುಗಾರ ಉಳಿದುಕೊಂಡಿದ್ದ.

"ಹೊರಡೋ ಮುಂಚೆ ಲಿವರ್ ತಳ್ಳಿ ನೋಡಿದ್ರಾ?"

"ಅದಕ್ಕೆಲ್ಲ ಟೈಮೆಲ್ಲಿದೆ ಸಾರ್?"

ಎಫ್‌ಐಆರ್ ದಾಖಲಾಯಿತು.

ಒಂಬತ್ತೂಕಾಲಕ್ಕೆ ಯಾರ್ಡಿನಲ್ಲಿ ಪಂಚನಾಮೆ ಶುರುವಾಯಿತು. ದಫೇದಾರರು ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಸೋದರಮಾವನ ಗ್ಯಾರೇಜಿನಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡವರು. ಮದುವೆಮನೆಗೆ ಬಂದವರಂತೆ ಖುಷಿಯಾಗಿ ತೋಳು ಮಡಚಿದರು.

"ಕಂಟ್ರೋಲರಿಗೆ ಕರೆಂಟ್ ಬರ್ತಿದೆ. ಫ್ಯೂಸೂ ಚೆನ್ನಾಗಿದೆ. ನೀವು ಮೇಲೆ ಕೂತು ಲಿವರ್ ತಳ್ಳಿ ಸಾರ್."

ಇನ್ಸ್‌ಪೆಕ್ಟರ್ ತಳ್ಳಿದರು. ದಫೇದಾರರು ಲಾರಿಯ ಹಿಂಬದಿಯ ಸಾಕೆಟ್ಟಿಗೆ ಮೀಟರು ಹಿಡಿದರು.

"ಇಲ್ಲಿವರೆಗೂ ಬಂತು. ಲಾರಿ ತಪ್ಪಿಲ್ಲ."

ಟ್ರೇಲರಿನ ದೀಪಗಳೆಲ್ಲ ಹತ್ತುತ್ತಿದ್ದವು. ಬ್ರೇಕು ಮಾತ್ರ ಮೌನವ್ರತ ಹಿಡಿದಿತ್ತು. ದಫೇದಾರರು ಟ್ರೇಲರಿನ ಪ್ಲಗ್ಗು ಬಿಚ್ಚಿ, ಬ್ರೇಕಿನ ಪಿನ್ನಿನ ಹಿಂದಿನ ವೈರಿಗೆ ನೇರವಾಗಿ ಬ್ಯಾಟರಿ ಮುಟ್ಟಿಸಿದರು. ಚಕ್ರಗಳೊಳಗೆ ಟಕ್ ಎಂದಿತು. ಪಿನ್ನಿಗೆ ಮುಟ್ಟಿಸಿದರೆ ಸದ್ದಿಲ್ಲ. ಟಾರ್ಚು ಬಿಟ್ಟು ನೋಡಿದಾಗ ಏಳು ಪಿನ್ನುಗಳಲ್ಲಿ ಅದೊಂದೇ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದರೆ ತೆಳ್ಳಗೆ ಪೊರೆ ಎದ್ದಿತು.

"ನೇಲ್ ಪಾಲಿಶ್ ಸಾರ್, ಬಣ್ಣ ಇಲ್ಲದ್ದು. ಮೂರು ಕೋಟ್ ಬಳಿದಿದ್ದಾರೆ. ಕರೆಂಟ್ ದಾಟಲ್ಲ."

ಪ್ಲಗ್ಗನ್ನೂ ಗೇಟಿನ ರಿಜಿಸ್ಟರನ್ನೂ ವಶಕ್ಕೆ ಪಡೆದರು.

ಹನ್ನೊಂದಕ್ಕೆ ಠಾಣೆಯಲ್ಲಿ ನಿಧಾನಣ್ಣನ ವಿಚಾರಣೆ. ಅವನಿಗೆ ಏನೂ ತಿಳಿದಿರಲಿಲ್ಲ. ಇನ್ಸ್‌ಪೆಕ್ಟರ್ ರಿಜಿಸ್ಟರಿನ ಹಿಂದಿನ ದಿನದ ಪುಟ ಓದಿದರು: "ಸಂಜೆ ಐದು ಹತ್ತು. ಟೈಲರ್ ಅಕ್ಕ. ಗಂಡನಿಗೆ ಅಂಗಿ ಕೊಡಲು."

ನಿಧಾನಣ್ಣನ ಮುಖ ಬಿಳಿಚಿತು. "ನಾನೇ ಮಾಡಿದ್ದು ಸಾರ್."

"ಹೇಗೆ?"

"ವೈರ್... ವೈರ್ ಕತ್ತರಿಸ್ದೆ."

"ವೈರ್ ಕತ್ತರಿಸಿಲ್ಲ. ಸುಳ್ಳು ಹೇಳೋದ್ರಲ್ಲೂ ನೀವು ನಿಧಾನವೇ ಅಣ್ಣ."

ಯೋಚಿಸುವಾಗ ಅಂಗಿಯ ಬಟನ್ ತಿರುವುವುದು ಇನ್ಸ್‌ಪೆಕ್ಟರರ ಅಭ್ಯಾಸ. ಎರಡನೆಯ ಬಟನ್ ಬೆರಳಿಗೆ ನುಣುಪಾಗಿ ತಾಗಿತು. ಕಳೆದ ವಾರ ಅದನ್ನು ಹೊಲಿದವಳು ನಿಧಾನಣ್ಣನ ಹೆಂಡತಿ, ಇದೇ ಟೈಲರ್ ಅಕ್ಕ. "ದಾರಕ್ಕೆ ನೇಲ್ ಪಾಲಿಶ್ ಒಂದು ಹನಿ ಹಾಕಿದ್ದೀನಿ ಸಾರ್, ಗಂಟು ಬಿಚ್ಚಲ್ಲ" ಅಂದಿದ್ದಳು. ಅವರಿಗೆ ಈ ಕೇಸು ಯಾಕಾದರೂ ಬಂತೋ ಅನ್ನಿಸಿತು.

ಮಧ್ಯಾಹ್ನ ಒಂದೂವರೆಗೆ, ಮಹಿಳಾ ಕಾನ್‌ಸ್ಟೇಬಲ್ ಜೊತೆ, ಒಂದೇ ಕೋಣೆಯ ಹೊಲಿಗೆ ಅಂಗಡಿಗೆ ಹೋದರು. ಅಕ್ಕ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಕೇಳುವ ಮೊದಲೇ ಡ್ರಾಯರಿನಿಂದ ಬಾಟಲಿ ತೆಗೆದಿಟ್ಟಳು.

"ಯಾವ ಪಿನ್ ಅಂತ ಹೇಗೆ ಗೊತ್ತಾಯ್ತು?"

"ಮದುವೆ ಆದಾಗಿಂದ ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ ಸಾರ್."

"ಯಾಕೆ ಮಾಡಿದ್ರಿ?"

ಆಕೆ ಮಡಚಿದ ಕಾಗದವೊಂದನ್ನು ಕೊಟ್ಟಳು. ಡಾಕ್ಟರರ ಚೀಟಿ: ಹೃದಯದ ಬಡಿತ ತಪ್ಪುತ್ತಿದೆ, ಯಾವಾಗ ಬೇಕಾದರೂ ಪ್ರಜ್ಞೆ ಹೋಗಬಹುದು, ವಾಹನ ಓಡಿಸಕೂಡದು.

"ಅವರ ಜೇಬು ಹೊಲಿಯುವಾಗ ಸಿಕ್ತು. ಇದೊಂದು ಟ್ರಿಪ್ ಮುಗೀಲಿ ಅಂದ್ರು. ಮೂರು ದಿನ, ಬೆಟ್ಟದ ದಾರಿ. ಕಾಲಿಗೆ ಬಿದ್ದೆ, ನಕ್ಕುಬಿಟ್ರು. ಟ್ರೇಲರ್ ಜಗ್ಗದೆ ಅವರು ಗೇಟು ದಾಟಲ್ಲ. ಇನ್ನೊಬ್ರು ತೆಗೀತಾರೆ ಅಂತ ನಂಗೆ ಹೊಳೀಲೇ ಇಲ್ಲ."

"ಕಾವಲುಗಾರ ಕುರ್ಚಿಲಿ ಇದ್ದಿದ್ರೆ?"

"ಬೆಳಿಗ್ಗೆಯಿಂದ ಅದೇ ಯೋಚನೆ ಸಾರ್. ಸೂಜಿಗೆ ದಾರ ಹೋಗ್ತಿಲ್ಲ."

ಎರಡು ಹತ್ತಕ್ಕೆ ಬಂಧನ. ಠಾಣೆಯಲ್ಲೇ ಜಾಮೀನಿನ ಕಾಗದ ಸಿದ್ಧವಾಯಿತು. ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಕೃತ್ಯದ ಉದ್ದೇಶ 'ವೈಯಕ್ತಿಕ' ಎಂದು ಬರೆದರು. ಸಮಾಧಾನವಾಗದೆ ಹೊಡೆದುಹಾಕಿ, 'ಗಂಡ ಬದುಕಿರಲಿ ಎಂದು' ಎಂದು ತಿದ್ದಿದರು.

ಅಷ್ಟೂ ಹೊತ್ತು ಬೆಂಚಿನಲ್ಲಿದ್ದ ನಿಧಾನಣ್ಣ ಎದ್ದುಬಂದು ಲೈಸೆನ್ಸನ್ನು ಮೇಜಿನ ಮೇಲಿಟ್ಟ.

"ಇದನ್ನೂ ಜಪ್ತಿ ಮಾಡ್ಕೊಳ್ಳಿ ಸಾರ್."

"ಈ ಕೇಸಲ್ಲಿ ನಂಗೆ ಆ ಅಧಿಕಾರ ಇಲ್ಲ ಅಣ್ಣ."

ಸಹಿ ಹಾಕುತ್ತಿದ್ದ ಅಕ್ಕ ತಲೆ ಎತ್ತದೆ ಎಡಗೈ ಚಾಚಿದಳು. "ನಂಗಿದೆ. ಕೊಡಿ ಇಲ್ಲಿ."

ಆ ಒಂದು ಸಲ ನಿಧಾನಣ್ಣ ನಿಧಾನ ಮಾಡಲಿಲ್ಲ.